ಹೊಗೆಸೊಪ್ಪಿನ ಹಂಬಲ

ವ್ಯಸನವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ದುರಭ್ಯಾಸವೆಂಬ ಅರ್ಥವೂ ಉಂಟು, ವಿಪತ್ತೆಂಬ ಅರ್ಥವೂ ಉಂಟು. ಹೊಗೆಸೊಪ್ಪಿನಲ್ಲಿ ಇವೆರಡೂ ಕೂಡಿವೆ.

“ಅರುವತ್ತಾದ ಮೇಲೆ ಬಿಟ್ಟು ಫಲವೇನು?” ಎಂದು ನಮ್ಮ ಓರಗೆಯವರು ಕೇಳುವುದುಂಟು. ಫಲವುಂಟೆಂದೇ ನಾವು ಹೇಳುವೆವು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಗಮನಿಸಿದ ರಿಚರ್ಡ್ ಡಾಲ್ ಮೊದಲಾದವರು, 60ರಲ್ಲಿ ಸಿಗರೇಟು ಬಿಟ್ಟವರಿಗೂ ಸುಮಾರು 3 ವರ್ಷ ಆಯುಸ್ಸು ಹೆಚ್ಚುವುದೆಂದು 2004ರಲ್ಲಿ ಪ್ರಕಟಿಸಿದರು.

ಬಿಟ್ಟ ಮೊದಲ ವಾರ ಸಿಡುಕು, ನಿದ್ರಾಭಂಗಗಳು ಕಾಡುವುವು. ತಿಂಗಳೊಳಗೆ ಬಹುಮಟ್ಟಿಗೆ ಶಮನವಾಗುವುವು. ಹಂಬಲದ ಒಂದೊಂದು ಅಲೆಯೂ ಕೆಲವು ನಿಮಿಷಗಳಷ್ಟೇ ನಿಲ್ಲತಕ್ಕದ್ದು. ಆಗ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು, ಏಲಕ್ಕಿಯನ್ನು ಬಾಯಲ್ಲಿಡಬೇಕು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಬೇಕು. “ಇದೊಂದೇ” ಎಂಬ ಮನಸ್ಸಿನ ಮಾತನ್ನು ನಂಬಲಾಗದು. ಮನೆಯವರು ಹಂಗಿಸದೆ ಸೈರಿಸಬೇಕು. ಸಾಲದಿದ್ದರೆ ವೈದ್ಯರ ನೆರವು ಪಡೆಯಲು ನಾಚಬೇಕಾದುದಿಲ್ಲ.

3 ವರ್ಷವೆಂದರೆ ಮೊಮ್ಮಗುವಿಗೆ ಓದುಬರಹ ಕಲಿಸಲು ಸಾಕಾಗುವಷ್ಟು ಕಾಲ.