ಮೊಬೈಲ್ ಮುಂದೆ ಸಿತಾರ್

ಹುನಗುಂದದ ಮನೆಯಲ್ಲೇ ಕೂತು ಮಗಳು ಆನ್‌ಲೈನ್ ವಾದ್ಯಸಂಗೀತ ಸ್ಪರ್ಧೆಗೆ ಸಿತಾರ್ ನುಡಿಸ್ತಾಳಾ? ರಹಿಮತ್ ಖಾನ್, ಬಾಲೇಖಾನ್‌ರ ಧಾರವಾಡದವರೆಗೆ ಹೋಗುವ ಖರ್ಚು ಉಳಿಯಿತು, ನಿಜ. ಆದರೆ ತೀರ್ಪುಗಾರರಿಗೆ ಕೇಳಿಸೋದು ಮೊಬೈಲ್ ಹಿಡಿದಷ್ಟೇ.

* ಮೊದಲು ನಿಯಮ ಓದಿ: ವಯಸ್ಸು, ಸಮಯ, ಶುಲ್ಕ, ಹಿಂದೂಸ್ತಾನಿಯೋ ಕರ್ನಾಟಕ ಸಂಗೀತವೋ, ಎಡಿಟಿಂಗ್ ನಡೆಯುತ್ತದೆಯೋ ಇಲ್ಲವೋ.
* ರಾಗದ ಆಯ್ಕೆ ಗುರುಗಳಿಗೇ ಬಿಡಿ. ಐದೇ ನಿಮಿಷವಿದ್ದರೆ ಆಲಾಪದಲ್ಲೇ ನಾಲ್ಕು ಕಳೆಯದಿರಲಿ. ಗತ್ತಿಗೂ ಜಾಗ ಬೇಕಲ್ಲ!
* ಫ್ಯಾನ್, ಟೀವಿ, ಕುಕ್ಕರ್ ಬಂದ್. ಪಕ್ಕದಲ್ಲಿ ಮಗ್ಗದ ಸದ್ದಿದ್ದರೆ ನಸುಕಿನಲ್ಲೇ ರೆಕಾರ್ಡ್ ಮಾಡಿ. ಜಮಖಾನೆ ಹಾಸಿದರೆ ಕೋಣೆಯ ಮಾರ್ದನಿ ತಗ್ಗುತ್ತದೆ.
* ತಂಬೂರಿ ಶ್ರುತಿ ಇನ್ನೊಂದು ಮೊಬೈಲ್‌ನಲ್ಲಿರಲಿ, ಸಿತಾರ್‌ಗಿಂತ ಮೆತ್ತಗೆ.
* ಕೊನೇ ದಿನಕ್ಕೆ ಕಾಯಬೇಡಿ. ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಟ್ಟಾವು.

‘ಇನ್ನೊಂದ್ಸಲ’ ಅಂತ ಬೆರಳು ಸೋಲುವಷ್ಟು ನುಡಿಸಬೇಡಿ. ಬಹುಮಾನ ಬರಲಿ ಬಿಡಲಿ, ಮರುದಿನ ಅವಳು ತಾನಾಗಿಯೇ ಸಿತಾರ್ ಎತ್ತಿಕೊಂಡರೆ ಗೆದ್ದಂತೆಯೇ.