ಜ್ವರದ್ದೋ, ಸೂಜಿಯದ್ದೋ?

2021ರ ಆಗಸ್ಟ್ ಕೊನೆಯ ವಾರ. ರೊಟ್ಟಿ ನುಂಗುವಾಗ ನೋವಾಯಿತು. ಡಿಗ್ರಿ ಮುಗಿಸಿ ಕೊಡ್ಲಿಯ ಮನೆಯಲ್ಲಿದ್ದೆ. ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸುತ್ತ ದಿನಾ ನಸುಕಿನಲ್ಲಿ ಊರ ರಸ್ತೆಯಲ್ಲಿ ಓಡುತ್ತಿದ್ದೆ. ಗಂಟಲು ಕೆಟ್ಟಿದೆ ಎಂದುಕೊಂಡು ಉಪ್ಪುನೀರು ಮುಕ್ಕಳಿಸಿದೆ. ಆದರೆ ನೋವು ಗಂಟಲೊಳಗೆ ಇರಲಿಲ್ಲ, ಕುತ್ತಿಗೆಯ ಮುಂಭಾಗದಲ್ಲಿತ್ತು. ಎರಡು ದಿನಕ್ಕೆ ದವಡೆಗೆ, ಕಿವಿಗೆ ಏರಿತು. ಸಂಜೆಯಾದರೆ ಜ್ವರ. ಸುಮ್ಮನೆ ಕೂತರೂ ಎದೆ ಡವಡವ. ಪೆನ್ನು ಹಿಡಿದರೆ ಬೆರಳು ನಡುಕ. ಮೂರು ವಾರದಲ್ಲಿ ಐದು ಕೆ.ಜಿ. ಇಳಿದೆ.

‘ಸೂಜಿ ಮಾಡಿಸ್ಕೊಂಡಿದ್ದಕ್ಕೇ ಹಿಂಗಾಗ್ಯಾದ. ಎರಡನೇದು ಮನ್ಯಾಗ ಯಾರಿಗೂ ಬ್ಯಾಡ’ ಎಂದಳು ಅವ್ವ. ನೋವು ಶುರುವಾಗುವ ಎರಡು ವಾರ ಮೊದಲು ಅಪ್ಪ, ಅವ್ವ, ನಾನು ಕೂಡಿ ಮೊದಲ ಡೋಸ್ ಹಾಕಿಸಿಕೊಂಡಿದ್ದೆವು. ಅಪ್ಪನಿಗೆ ಶುಗರ್ ಇದೆ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ಆಗಿದ್ದು ನಮ್ಮ ಕಲಬುರಗಿಯಲ್ಲೇ. ಈಗ ಅಪ್ಪನ ಎರಡನೇ ಡೋಸ್ ನನ್ನ ಕುತ್ತಿಗೆ ನೋವಿಗಾಗಿ ನಿಂತುಹೋಗುವುದಿತ್ತು.

ಮೊದಲು ತೋರಿಸಿದ ಡಾಕ್ಟರ್ ರಕ್ತದ ರಿಪೋರ್ಟಿನಲ್ಲಿ ಟಿಎಸ್‌ಎಚ್ ತೀರಾ ಕಡಿಮೆ ಇರುವುದನ್ನು ನೋಡಿ, ‘ಥೈರಾಯ್ಡ್ ಜಾಸ್ತಿಯಾಗಿದೆ’ ಎಂದು ಅದನ್ನು ತಗ್ಗಿಸುವ ಮಾತ್ರೆ ಕೊಟ್ಟರು. ಹತ್ತು ದಿನ ನುಂಗಿದರೂ ನೋವು ಇಳಿಯಲಿಲ್ಲ.

ಕಲಬುರಗಿಯಲ್ಲಿ ತೋರಿಸಿದ ಎರಡನೇ ಡಾಕ್ಟರ್ ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಕುತ್ತಿಗೆ ಮುಟ್ಟಿದರು. ನಾನು ಚೀರಿದೆ. ‘ಇತ್ತೀಚೆಗೆ ಜ್ವರ ಬಂದಿತ್ತಾ?’ ಎಂದರು. ಆಗ ನೆನಪಾಯಿತು: ಲಸಿಕೆಗೂ ಹದಿನೈದು ದಿನ ಮೊದಲು ನೆಗಡಿ, ಜ್ವರ ಬಂದುಹೋಗಿತ್ತು. ಇಎಸ್‌ಆರ್ ಪರೀಕ್ಷೆ ಮಾಡಿಸಿದರು. ಬಹಳ ಏರಿತ್ತು. ‘ಇದು ಸಬ್‌ಅಕ್ಯೂಟ್ ಥೈರಾಯ್ಡಿಟಿಸ್, ಥೈರಾಯ್ಡ್ ಗ್ರಂಥಿಯ ಉರಿಯೂತ. ತೊಗರಿ ಚೀಲ ಹರಿದು ಕಾಳು ಚೆಲ್ಲಿದ ಹಾಗೆ. ಬೆಳೆ ಹೆಚ್ಚು ಬಂದಿದ್ದಲ್ಲ’ ಎಂದರು. ಗ್ರಂಥಿ ಹಾರ್ಮೋನನ್ನು ಹೆಚ್ಚು ತಯಾರಿಸುತ್ತಿರಲಿಲ್ಲ, ಕೂಡಿಟ್ಟದ್ದು ಸೋರುತ್ತಿತ್ತು. ಹಾಗಾಗಿ ತಯಾರಿಕೆ ತಡೆಯುವ ಮಾತ್ರೆಯಿಂದ ಉಪಯೋಗವಿರಲಿಲ್ಲ. ಆ ಮಾತ್ರೆ ನಿಲ್ಲಿಸಿ, ನೋವು–ಊತಕ್ಕೆ ಮತ್ತು ಎದೆಬಡಿತಕ್ಕೆ ಬೇರೆ ಔಷಧಿ ಕೊಟ್ಟರು.

ಸ್ವಿಟ್ಜರ್ಲೆಂಡಿನ ಸರ್ಜನ್ ಡಿ ಕೆರ್ವೆನ್ 1904ರಲ್ಲೇ ಈ ಕಾಯಿಲೆಯನ್ನು ವಿವರಿಸಿದ್ದರು. ಸಾಮಾನ್ಯವಾಗಿ ವೈರಲ್ ಜ್ವರ ಬಂದುಹೋದ ಕೆಲವು ವಾರಗಳ ನಂತರ ಬರುತ್ತದೆ, ಹೆಂಗಸರಲ್ಲೇ ಹೆಚ್ಚು. 2020ರಲ್ಲಿ ಇಟಲಿಯ ವೈದ್ಯರು ಕೊರೊನಾ ಬಂದುಹೋದ 18 ವರ್ಷದ ಯುವತಿಯಲ್ಲಿ ಇದನ್ನು ಕಂಡು ವರದಿ ಮಾಡಿದರು. 2021ರಲ್ಲಿ ಟರ್ಕಿಯಿಂದ, ಲಸಿಕೆಯ ನಂತರ ಹೀಗಾದ ಮೂವರು ಆರೋಗ್ಯ ಕಾರ್ಯಕರ್ತೆಯರ ವರದಿ ಬಂತು. ಅಂದರೆ ಅವ್ವನ ಅನುಮಾನ ಬರೀ ಮೂಢನಂಬಿಕೆಯಲ್ಲ. ಲಸಿಕೆಯ ನಂತರವೂ ಇದು ಅಪರೂಪಕ್ಕೆ ಬರುತ್ತದೆ.

‘ನನಗೆ ಬಂದಿದ್ದು ಯಾವುದರಿಂದ?’ ಎಂದು ಡಾಕ್ಟರನ್ನೇ ಕೇಳಿದೆ. ‘ಖಚಿತವಾಗಿ ಹೇಳಲಾಗದು. ಸೂಜಿ ಬಿಟ್ಟರೆ ಇದರಿಂದ ಪಾರಾದೆವು ಅನ್ನೋ ಹಾಗಿಲ್ಲ. ಕೊರೊನಾದಿಂದಲೂ ಇದು ಬರುತ್ತದೆ. ಇದು ಬಹುತೇಕ ಜನರಿಗೆ ವಾಸಿಯಾಗುತ್ತದೆ. ಶುಗರ್ ಇದ್ದವರಿಗೆ ಕೊರೊನಾ ಬಂದರೆ ಜೀವಕ್ಕೇ ಕುತ್ತು’ ಎಂದು ನನಗಲ್ಲ, ಪಕ್ಕದಲ್ಲಿ ಕೂತಿದ್ದ ಅವ್ವನಿಗೆ ಹೇಳಿದರು.

ನೋವು ವಾರದೊಳಗೆ ಇಳಿಯಿತು. ಆಮೇಲೆ ಗ್ರಂಥಿ ಬರಿದಾಗಿ ಉಲ್ಟಾ ಆಯಿತು: ಸುಸ್ತು, ನಿದ್ದೆ, ಚಳಿ. ಏಳು ತಿಂಗಳಿಗೆ ರಿಪೋರ್ಟ್ ಸರಿಹೋಯಿತು. ಅಲ್ಲಿಯವರೆಗೆ ಓಟ ಬಂದ್. ನವೆಂಬರ್‌ನಲ್ಲಿ ಅವ್ವನೇ ಅಪ್ಪನನ್ನು ಎರಡನೇ ಡೋಸಿಗೆ ಕರೆದೊಯ್ದಳು. ಡಾಕ್ಟರ್ ಒಪ್ಪಿದ ಮೇಲೆ ಜನವರಿಯಲ್ಲಿ ನಾನೂ ಹಾಕಿಸಿಕೊಂಡೆ. ನೋವು ಮರಳಲಿಲ್ಲ.

ಅವ್ವ ಇವತ್ತಿಗೂ ‘ಅದು ಸೂಜೀದೇ’ ಅನ್ನುತ್ತಾಳೆ. ನಾನು ‘ಜ್ವರದ್ದಿರಬಹುದು’ ಅನ್ನುತ್ತೇನೆ. ಗೆಳೆಯರೇ, ಕುತ್ತಿಗೆಯ ಮುಂದೆ ಮುಟ್ಟಿದರೆ ನೋವು, ಜೊತೆಗೆ ಎದೆಬಡಿತ ಇದ್ದರೆ ಪರೀಕ್ಷೆಯ ಟೆನ್ಷನ್ ಎಂದು ಸುಮ್ಮನಿರಬೇಡಿ. ಡಾಕ್ಟರ್ ಮುಂದೆ ರಿಪೋರ್ಟ್ ಇಟ್ಟು ಕೂರಬೇಡಿ. ನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಜ್ವರ ಯಾವಾಗ ಬಂದಿತ್ತು, ಸೂಜಿ ಯಾವಾಗ ಹಾಕಿಸಿದಿರಿ, ಎರಡನ್ನೂ ಹೇಳಿ.