ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆ

ಚದುರಂಗದ ಮಣೆಯ ಮೊದಲನೆಯ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋಗುವ ಕಥೆಯನ್ನು ಕೇಳದವರು ವಿರಳ. ಮಣೆಯ 64 ಮನೆಗಳಿಗೆ ಇನ್ನು ಮೂರನ್ನು ಕೂಡಿಸಿ, 67 ಮನೆಗಳ ಕಾಳುಗಳನ್ನೆಲ್ಲ ಒಟ್ಟುಗೂಡಿಸಿದರೆ ಬರುವ ಮೊತ್ತವು 14,75,73,95,25,89,67,64,12,927. ಅರುವತ್ತೇಳು ಎರಡುಗಳನ್ನು ಒಂದರೊಡನೊಂದು ಗುಣಿಸಿ, ಲಬ್ಧದಿಂದ ಒಂದನ್ನು ಕಳೆದರೂ ಇದೇ ಸಂಖ್ಯೆ ದೊರೆಯುವದು.

ತನ್ನಿಂದಲೂ ಒಂದರಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲ್ಪಡದ, ಒಂದಕ್ಕಿಂತ ದೊಡ್ಡದಾದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ಮೂರು ಎರಡುಗಳಿಂದ ಮೇಲಿನ ಕ್ರಮದಲ್ಲಿ 7, ಐದರಿಂದ 31, ಏಳರಿಂದ 127 ಬರುವವು, ಇವೆಲ್ಲ ಅವಿಭಾಜ್ಯಗಳೇ. ಆದರೆ ಹನ್ನೊಂದರಿಂದ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧವಾಗಿದೆ. ಆದಕಾರಣ ಸಾದೃಶ್ಯವನ್ನು ಮಾತ್ರ ನಂಬುವದು ಸಲ್ಲದು, ಪ್ರತಿಯೊಂದನ್ನೂ ಪರೀಕ್ಷಿಸಬೇಕು.

ಫ್ರಾನ್ಸ್ ದೇಶದ ಸನ್ಯಾಸಿಯೂ ವಿದ್ವಾಂಸನೂ ಆಗಿದ್ದ ಮರ್ಸೆನ್ನನು 1644ರಲ್ಲಿ ಇಂಥ ಅವಿಭಾಜ್ಯಗಳ ಪಟ್ಟಿಯೊಂದನ್ನು ಪ್ರಕಟಿಸಿ, ನಮ್ಮ ಸಂಖ್ಯೆಯನ್ನೂ ಅದರಲ್ಲಿ ಸೇರಿಸಿದನು. ಆತನ ಮಾತು 232 ವರ್ಷ ನಿಂತಿತು. 1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು ಇದು ಅವಿಭಾಜ್ಯವಲ್ಲವೆಂದು ಸಾಧಿಸಿದನು. ಆಶ್ಚರ್ಯವೇನೆಂದರೆ, ಭಾಜಕ ಯಾವುದೆಂದು ಆತನ ರೀತಿಯಿಂದ ತಿಳಿಯಲಿಲ್ಲ. ಗಡಿಗೆಯನ್ನು ತಟ್ಟಿನೋಡಿದ ಗೃಹಿಣಿಗೆ ಅದು ಬಿರಿದಿದೆಯೆಂಬುದು ಧ್ವನಿಯಿಂದಲೇ ಗೊತ್ತಾಗುವದು. ಬಿರುಕು ಎಲ್ಲಿದೆಯೆಂಬುದು ಗೊತ್ತಾಗದು. ಇದೂ ಹಾಗೆಯೇ.

ಬಿರುಕನ್ನು ತೋರಿಸಿದವನು ಅಮೇರಿಕದ ಕೋಲ್. 1903ನೆಯ ಅಕ್ಟೋಬರಿನಲ್ಲಿ ಗಣಿತಜ್ಞರ ಸಭೆಯ ಮುಂದೆ ಆತನು ಬಾಯಿತೆರೆದು ಒಂದು ಮಾತನ್ನೂ ಆಡದೆ, ಕರಿಹಲಗೆಯ ಮೇಲೆ 19,37,07,721ನ್ನು 7,61,83,82,57,287ರಿಂದ ಗುಣಿಸಿ ತೋರಿಸಿದನೆಂದೂ, ಸಭೆಯು ಕರತಾಡನ ಮಾಡಿತೆಂದೂ ಹೇಳುವರು. ಈ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಭಾಜಕವನ್ನೂ 134ರಿಂದ ಭಾಗಿಸಿದರೆ ಶೇಷವು ಒಂದೇ ಆಗಿರಬೇಕೆಂಬ ನಿಯಮದಿಂದ ಶೋಧನೆಯು ಸ್ವಲ್ಪ ಹಗುರಾಗುವದು. ಆದರೂ ಚಿಕ್ಕ ಭಾಜಕವನ್ನು ಮುಟ್ಟಲು 134ನ್ನು 14,45,580ರಿಂದ ಗುಣಿಸಿ ಒಂದನ್ನು ಕೂಡಿಸುವಷ್ಟು ದೂರ ಹೋಗಬೇಕು.

ಒಂಬತ್ತರ ತಾಳೆಯನ್ನು ಕಲಿತವರು ಇಲ್ಲಿ ಅದನ್ನು ಪ್ರಯೋಗಿಸಬಹುದು. ಎರಡು ಭಾಜಕಗಳ ಅಂಕಿಗಳ ಮೊತ್ತವು ಕ್ರಮವಾಗಿ 37 ಮತ್ತು 64, ಗುಣಲಬ್ಧದ್ದು 109. ಮೂರನ್ನೂ ಒಂಬತ್ತರಿಂದ ಭಾಗಿಸಿದರೆ ಉಳಿಯುವದು ಒಂದೇ. ಒಂದನ್ನು ಒಂದರಿಂದ ಗುಣಿಸಿದರೂ ಒಂದೇ. ತಾಳೆ ಕೂಡಿತು. ಆದರೆ ತಾಳೆಯು ತಪ್ಪನ್ನು ಹಿಡಿಯಬಲ್ಲದು, ಸರಿಯೆಂದು ಪೂರ್ಣವಾಗಿ ಸಾಧಿಸಲಾರದು. ಅದಕ್ಕೆ ಗುಣಾಕಾರವನ್ನೇ ಮಾಡಬೇಕು.

ಗುಣಿಸುವದು ಸುಲಭ, ಗುಣಲಬ್ಧವನ್ನು ಒಡೆಯುವದು ಕಠಿಣ. ಇದಕ್ಕಿಂತ ಎಷ್ಟೋ ದೊಡ್ಡ ಸಂಖ್ಯೆಗಳಲ್ಲಿ ಇದೇ ಭೇದವನ್ನು ನೆಚ್ಚಿ ಇಂದು ಗುಪ್ತ ಸಂದೇಶಗಳನ್ನು ಕಾಪಾಡುತ್ತಾರೆ. ಮಹಾವಿದ್ವಾಂಸನ ಮಾತನ್ನು ಕೊನೆಗೆ ತೂಗಿದ್ದು, ಪ್ರಾಥಮಿಕ ಶಾಲೆಯ ಬಾಲಿಕೆಯೂ ಮಾಡಬಲ್ಲ ಗುಣಾಕಾರ. ಮಗ್ಗಿ ಬಲ್ಲ ತಾಯಿಯೂ ಮಗಳೂ ಒಂದು ಸಂಜೆ ಕುಳಿತು ಅದನ್ನು ತಾವೇ ಮಾಡಿ ನೋಡಬಹುದು.